ಗಂಡನ ಹೆಸರಿನ ಮೋಡ

ಬಾಗಲಕೋಟೆಯ ಆ ಓಣಿಯಲ್ಲಿ ಬೇಸಿಗೆಯ ನೆರಳಿಗೆಂದು ಮನೆಗೊಂದು ಮೋಡ ಸಾಕುತ್ತಿದ್ದರು. ನೀಲಗಂಗವ್ವನ ಮೋಡ ಅಂದು ಮಾಳಿಗೆ ಬಿಟ್ಟು ಕದಲಲಿಲ್ಲ. ಅದರ ಕೆಳಗೆ ಏಳೂರಿಗೆ ಸಾಲುವಷ್ಟು ಸಂಡಿಗೆ ಹಸಿಯಾಗೇ ಕೂತಿತ್ತು. ನಾಳೆ ಬಸುರಿ ಮೊಮ್ಮಗಳ ಕುಬಸ.

ಮೋಡವನ್ನು ನಡೆಸುತ್ತಿದ್ದುದು ಮನೆಯ ಕಂಪ್ಯೂಟರಿನ ಒಂದು ಪ್ರೋಗ್ರಾಮ್. ಚಿತ್ರದ ಪರದೆಯಲ್ಲಿ ಗಂಡನ ಫೋಟೊ ಒತ್ತಿದರೆ ಅದು ತೆರೆಯುತ್ತಿತ್ತು. ಈಗ ಆ ಪರದೆ ಕೆಟ್ಟಿತ್ತು. ಉಳಿದದ್ದು ಅಕ್ಷರ ಬಡಿಯುವ ಕರಿ ಪರದೆ. ಪ್ರೋಗ್ರಾಮಿನಲ್ಲಿ ತಪ್ಪಿದ ಸಾಲು ತಿದ್ದುವುದು ಅವಳಿಗೆ ಎಡಗೈ ಕೆಲಸ. ಆದರೆ ತೆರೆಯಲು ಅದರ ಹೆಸರು ಬಡಿಯಬೇಕು. ಅದನ್ನು ಬರೆದ ಗಂಡ ತನ್ನ ಹೆಸರನ್ನೇ ಅದಕ್ಕಿಟ್ಟು ತೀರಿಕೊಂಡಿದ್ದ. ಮದುವೆಯಾದ ಐವತ್ತು ವರ್ಷದಲ್ಲಿ ಅವಳು ಆ ಹೆಸರು ಎತ್ತಿದವಳಲ್ಲ.

“ಬಡಿಯವ್ವಾ, ಸಂಡಿಗಿ ಹುಳಿ ಬರ್ತಾವು,” ಎಂದಳು ಪಕ್ಕದ ಮನೆಯ ಗುರುಬಾಯಿ.

“ಅವರಿಗೆ ಕೇಳಿಸಿದ್ರ?”

“ಎದ್ದು ಬಂದು ನಾಕು ಸಂಡಿಗಿ ತಿಂತಾರ ತಗೋ.”

ನೀಲಗಂಗವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಬಡಿದಳು: ಮಡಿವಾಳಪ್ಪ.

“ಬಂದೆ, ಏನು ಹೇಳು,” ಎಂದು ಪರದೆಯಲ್ಲಿ ಮೂಡಿತು. ಗಂಡ ಬರೆದಿಟ್ಟ ಉತ್ತರ.

ಅವಳು ಸಾಲು ತಿದ್ದಿದಳು. ಮೋಡ ಹಿತ್ತಲಿಗೆ ಸರಿದು, ಸಂಡಿಗೆಯ ಮೇಲೆ ಬಿಸಿಲು ಸುರಿಯಿತು.

“ಆತಲ್ಲ, ಇನ್ನೂ ಏನ್ ಬಡಿಯಾಕತ್ತಿ?”

“ಸುಮ್ನಿರ ಗುರುಬಾಯಿ. ಬದುಕಿದ್ದಾಗ ನೂರು ಸಲ ‘ಏನ್ರೀ’ ಅಂದ್ರೂ ಓ ಅಂದವರಲ್ಲ. ಹೆಸರು ಹಿಡಿದು ಕರದ್ರ ಒಂದ ಸಲಕ್ಕ ಬರಾಕತ್ತಾರ.”