ನಾಲ್ಕು ಹಳ್ಳಿಯ ಮಾತು

ಮೂರು ಭಾಷೆಗಳಲ್ಲಿ ಫೇಲಾಗಿ ಮುತ್ತಲಿಬ್ ಕುರ್ಚಿಯಲ್ಲಿ ಬೆವರುತ್ತಿದ್ದ. ನೀರಿನ ಟ್ಯಾಂಕಿನೊಳಗೆ ಇಳಿದು ವೆಲ್ಡಿಂಗ್ ಮಾಡುವವರೆಲ್ಲ ಸುರಕ್ಷತೆಯ ಪ್ರಶ್ನೆಗಳಿಗೆ ಬಾಯಿಬಿಟ್ಟು ಉತ್ತರಿಸಬೇಕೆಂದು ಕಂಪನಿ ಆ ವರ್ಷ, ಎಪ್ಪತ್ತೆಂಟರಲ್ಲಿ, ನಿಯಮ ಮಾಡಿತ್ತು. ಇಂಗ್ಲಿಷ್, ಅರಬ್ಬಿ, ಹಿಂದಿ, ಯಾವುದಾದರೂ ಸರಿ. ಬಾರದವರು ಊರಿನ ವಿಮಾನ ಹತ್ತಬೇಕು. ಕುವೈತಿನ ಫಿಂಟಾಸ್ ಸೈಟಿನ ಆಫೀಸಿನಲ್ಲಿ ಪ್ರಶ್ನೆ ಕೇಳುತ್ತಿದ್ದ ಮೈಸೂರಿನ ಶ್ಯಾಮಸುಂದರ್ ಕನಿಕರದಿಂದ ಕನ್ನಡದಲ್ಲೂ ಕೇಳಿ ನೋಡಿದರು. ಉಳ್ಳಾಲದಿಂದ ಬಂದು ತಿಂಗಳೂ ತುಂಬದ ಮುತ್ತಲಿಬ್‌ಗೆ ಆ ಪುಸ್ತಕದ ಕನ್ನಡವೂ ತಲೆಗೆ ಹತ್ತಲಿಲ್ಲ.

ಅವನನ್ನು ಕರೆಸಿಕೊಂಡಿದ್ದ ಫೋರ್‌ಮನ್ ಕಾಸಿಂ ಕುಂಞಿ ಮೇಜಿನ ಹತ್ತಿರ ಬಂದ.

"ಸಾರ್, ನಮ್ಮ ಬ್ಯಾರಿ ಭಾಷೆಯಲ್ಲಿ ನಾನು ಕೇಳ್ತೇನೆ. ಅವನಿಗೆ ಎಲ್ಲ ಗೊತ್ತುಂಟು."

"ಲಿಪಿ ಇಲ್ಲ, ಪುಸ್ತಕ ಇಲ್ಲ. ಅದನ್ನ ಭಾಷೆ ಅಂತ ಫಾರಂನಲ್ಲಿ ಹೇಗ್ರೀ ಬರೀಲಿ?" ಎಂದರು ಶ್ಯಾಮಸುಂದರ್.

ಇಷ್ಟು ವರ್ಷ, ನಿನ್ನ ಭಾಷೆ ಯಾವುದೆಂದು ಯಾರು ಕೇಳಿದರೂ ಕಾಸಿಂ ಕುಂಞಿ ತನ್ನದು ಮಲಯಾಳ ಎಂದು ಹೇಳಿ ಮಾತು ಮುಗಿಸುತ್ತಿದ್ದ. ಇವತ್ತು ಮುಗಿಸಲಿಲ್ಲ. ಸಹಿ ಹಾಕಬೇಕಾದ ಜರ್ಮನ್ ಎಂಜಿನಿಯರ್ ಯಾನ್ಸನ್ ಎದುರು ನಿಂತು, ಅದು ನಮ್ಮ ತಾಯಿಯ ಮಾತು, ಅದರಲ್ಲೇ ಕೇಳಲು ಬಿಡಿ ಎಂದು ಮುರುಕು ಇಂಗ್ಲಿಷಿನಲ್ಲಿ ಹೇಳಿದ. ಎಷ್ಟು ಜನ ಆಡುತ್ತೀರಿ ಎಂದು ಯಾನ್ಸನ್ ಕೇಳಿದರು. ಲಕ್ಷಗಟ್ಟಲೆ ಇದ್ದೇವೆ ಎಂದ.

ಯಾನ್ಸನ್ ಪೆನ್ನು ಕೆಳಗಿಟ್ಟರು. ಅವರ ಊರು ಸಾಟರ್‌ಲ್ಯಾಂಡ್ ಅಂತೆ. ಜೌಗು ನೆಲದ ನಡುವೆ ನಾಲ್ಕು ಹಳ್ಳಿ ಸೇರಿ ಒಂದೇ ಪಂಚಾಯ್ತಿ. ಅಲ್ಲಿಯವರ ಮಾತು, ಫ್ರಿಸಿಯನ್ ಭಾಷೆಯ ಒಂದು ಬಗೆ, ಬೇರೆಲ್ಲೂ ಇಲ್ಲ, ಪಕ್ಕದೂರಿನ ಜರ್ಮನ್ನರಿಗೂ ತಿಳಿಯುವುದಿಲ್ಲ.

"ನಾವು ಹೆಚ್ಚೆಂದರೆ ಎರಡು ಸಾವಿರ ಜನ," ಎಂದರು. "ನಮ್ಮಮ್ಮ ನನ್ನನ್ನು ಬೈದು ಬೆಳೆಸಿದ್ದು ಅದರಲ್ಲೇ. ನೀನು ಕೇಳು."

ಕಾಸಿಂ ಕುಂಞಿ ಕೇಳಿದ. ಮುತ್ತಲಿಬ್‌ನ ನಾಲಗೆ ಸಡಿಲವಾಯಿತು. ಇಳಿಯುವ ಮೊದಲು ಒಳಗಿನ ಗಾಳಿಯ ಪರೀಕ್ಷೆ, ಸೊಂಟಕ್ಕೆ ಹಗ್ಗ, ಮೇಲೆ ಕಾವಲಿಗೊಬ್ಬ ಎಂದು ಒಂದೂ ಬಿಡದೆ ಒಪ್ಪಿಸಿದ. ಯಾರೂ ಕೇಳದ ಒಂದು ಮಾತನ್ನೂ ಸೇರಿಸಿದ: ಮೂರನೇ ಟ್ಯಾಂಕಿನ ಏಣಿಯಲ್ಲಿ ಒಂದು ಮೆಟ್ಟಿಲಿನ ಬೆಸುಗೆ ಬಿರುಕು ಬಿಟ್ಟಿದೆ. ಕಾಸಿಂ ಕುಂಞಿ ಅದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಯಾನ್ಸನ್ ತಾವೇ ಹೋಗಿ ಏಣಿ ನೋಡಿ ಬಂದರು. ನಿಜವಾಗಿತ್ತು. ಅವರು ಸಹಿ ಹಾಕುವ ಹೊತ್ತಿಗೆ ಶ್ಯಾಮಸುಂದರ್ ಫಾರಂನಲ್ಲಿ ಗುಂಡಗಿನ ಅಕ್ಷರಗಳಲ್ಲಿ 'ಬ್ಯಾರಿ' ಎಂದು ಬರೆದಾಗಿತ್ತು.

ಮರುದಿನ ಬೆಳಿಗ್ಗೆ ಕಾಸಿಂ ಕುಂಞಿ ಟ್ಯಾಂಕಿನ ಬಾಯಿಯ ಬಳಿ, ಅರಬ್ಬಿ, ಇಂಗ್ಲಿಷ್ ಎಚ್ಚರಿಕೆಗಳ ಕೆಳಗೆ, ಅದೇ ಎಚ್ಚರಿಕೆಯನ್ನು ಬ್ಯಾರಿ ಮಾತಿನಲ್ಲಿ, ಕನ್ನಡ ಅಕ್ಷರ ಬಳಸಿ, ಬಣ್ಣದಿಂದ ಬರೆದ. ಯಾನ್ಸನ್ ಅವನ ಕೈಯಿಂದ ಬ್ರಷ್ ಇಸಿದುಕೊಂಡು, ಅದರ ಕೆಳಗೆ ತಮ್ಮೂರಿನ ಮಾತಿನಲ್ಲಿ ಒಂದು ಸಾಲು ಬರೆದರು. ಇಡೀ ಕುವೈತಿನಲ್ಲಿ ಅದನ್ನು ಓದಬಲ್ಲವರು ಅವರೊಬ್ಬರೇ.