ಪ್ಲಗ್ಗಿನ ವೈರು

ಖಾಜಾಸಾಬ ಇಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟ ಜೀಪು ಒಂದೇ ವಾರದಲ್ಲಿ ಮೂರನೇ ಸಲ ಕೆಟ್ಟು ನಿಂತಿತ್ತು. ಕೀ ತಿರುಗಿಸಿದರೆ ಕಾರ್ಬೊರೇಟರಿನ ಬಾಯಿಂದ ಢಬ್ ಎಂದು ಬೆಂಕಿ ಉಗುಳುತ್ತಿತ್ತು.

"ಥೂ! ಇದಕ್ಕ ರಿಪೇರಿ ಅಂತಾರೇನು?" ಜೀಪಿನ ಮಾಲೀಕ ಫಕೀರಪ್ಪ ಅಂಗಳದಲ್ಲೇ ಕೂಗಾಡಿದ. "ಸಾಲಿ ಹುಡುಗರು ನನ್ನ ದಾರಿ ಕಾಯಾಕತ್ತ್ಯಾವ."

ಖಾಜಾಸಾಬ ಬಾನೆಟ್ ಎತ್ತಿದ. ಎರಡನೇ ಮತ್ತು ಮೂರನೇ ಪ್ಲಗ್ಗಿನ ವೈರುಗಳು ಮತ್ತೆ ಅದಲುಬದಲಾಗಿದ್ದವು. ಅವನಿಗೆ ಹೇಸಿಕೆಯಾಯಿತು.

"ಮೊನ್ನೆನ ಸರಿ ಮಾಡಿ ಹೋಗೇನಿ. ಯಾರೋ ಬೇಕಂತ ಕಿತ್ತು ಹಚ್ಚ್ಯಾರ. ಎಂಥಾ ಹೊಲಸು ಮಂದಿ!"

"ನಿನ್ನ ತಪ್ಪು ಮಂದಿ ಮ್ಯಾಲೆ ಹಾಕಬ್ಯಾಡ."

ಹೊಸ್ತಿಲಲ್ಲಿ ಕುಳಿತಿದ್ದ ಫಕೀರಪ್ಪನ ಹೆಂಡತಿ ನೀಲವ್ವ ಎದ್ದು ಬಂದಳು. "ಹಚ್ಚಿದಾಕಿ ನಾನ, ಅಣ್ಣಾ. ನೀವು ಇಲ್ಲೇ ಇಂಜಿನ್ ಕೂಡಿಸೂ ಮುಂದ ನೋಡಿ ಕಲ್ತೆ."

"ನನ್ನ ಕೆಲಸಕ್ಕ ಯಾಕವ್ವಾ ಮಸಿ ಬಳೀತಿ?" ಖಾಜಾಸಾಬ ಸಿಟ್ಟಿನಿಂದ ಕೇಳಿದ.

"ಇವರ ಬಾಯಿ ಮೂಸಿ ನೋಡ್ರಿ. ಮುಂಜಾನೆ ಇನ್ನೂ ಎಂಟು ಹೊಡದಿಲ್ಲ. ಹದಿನಾಲ್ಕು ಹುಡುಗರು ಕುಂದರ್ತಾವ ಈ ಜೀಪಿನಾಗ."

ಖಾಜಾಸಾಬ ಫಕೀರಪ್ಪನ ಹತ್ತಿರ ಹೋದವನು ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಆಮೇಲೆ ಇಂಜಿನ್ನಿನ ನಾಲ್ಕೂ ವೈರುಗಳನ್ನು ಕಿತ್ತು ನೀಲವ್ವನ ಕೈಗೆ ಕೊಟ್ಟ.