ಕಣಕಾಲಿನ ಸಾಕ್ಷಿ

ಅಂಗಾಂಗಗಳಿಗೆ ಬಾಯಿ ಬಂದ ಮೇಲೆ ಸೇನೆಯ ಪಿಂಚಣಿ ಮಂಡಳಿಯವರು ಮನುಷ್ಯರ ಮಾತು ಕೇಳುವುದನ್ನೇ ಬಿಟ್ಟಿದ್ದರು. ನೋವಿರುವ ಅಂಗವೇ ಸಾಕ್ಷಿ ಹೇಳಬೇಕು. ಆ ದಿನ ಉಗ್ರಾಣದ ಗುಮಾಸ್ತನೊಬ್ಬನ ಬೆನ್ನು ಗೊಳೋ ಎಂದು ಅತ್ತು ಪೂರ್ತಿ ಭತ್ಯೆ ಗಿಟ್ಟಿಸಿಕೊಂಡಿತು.

ಮುಂದಿನ ಸರದಿ ನಿವೃತ್ತ ಹವಾಲ್ದಾರ್ ಯಮನಪ್ಪನದು. ಹಿಮದ ಗಡಿಯಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಬಲಗಾಲಿನ ಕಣಕಾಲನ್ನು ಅವನು ಸ್ಟೂಲಿನ ಮೇಲಿಟ್ಟ.

"ನೋವಿದೆಯಾ?" ಎಂದು ಕರ್ನಲ್ ಡಾಕ್ಟರು ಅದನ್ನೇ ಕೇಳಿದರು.

ಕಣಕಾಲು ಸೆಟೆದುಕೊಂಡಿತು. "ಏನೂ ಇಲ್ರಿ ಸಾಹೇಬ್ರ. ಎಲ್ಲಾ ಚಲೋ ಐತ್ರಿ."

ಅರ್ಜಿ ವಜಾ ಆಯಿತು. ಮೆಟ್ಟಿಲಿಳಿಯುವಾಗ ಕಣಕಾಲು ನರಳತೊಡಗಿತು.

"ಒಳಗ್ಯಾಕ ಸುಳ್ಳ ಹೇಳ್ದಿ?" ಎಂದು ಯಮನಪ್ಪ ಅದಕ್ಕೆ ಬೈಯುತ್ತಿದ್ದಾಗಲೇ ಊಟಕ್ಕೆ ಹೊರಟಿದ್ದ ಕರ್ನಲ್ ಎದುರಾದರು.

"ಏನು ಯಮನಪ್ಪ, ನಡೆಯೋಕೆ ತೊಂದ್ರೆ ಆಗ್ತಿದೆಯಾ?"

ಯಮನಪ್ಪ ಅದೇ ಬಲಗಾಲನ್ನು ನೆಲಕ್ಕೆ ಅಪ್ಪಳಿಸಿ ಸೆಲ್ಯೂಟ್ ಹೊಡೆದ.

"ಇಲ್ರಿ ಸಾಹೇಬ್ರ. ಆರಾಮ ಅದೀನ್ರಿ."